ಅಲಾಸ್ಕಾಕ್ಕೆ ಹೋಗುವವರಿಗೆ ನಾಲ್ಕು ಮಾತು

“ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು” ಎಂಬುದು ನಮ್ಮ ಹಿರಿಯರ ಮಾತು. ಇದರಲ್ಲಿರುವ “ಇಲ್ಲವೆ” ಎಂಬ ಪದದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಕೋಶ ಓದದೆ ದೇಶ ಸುತ್ತಿದರೆ ಕಾಲಿಗೆ ದಣಿವು, ಕಿಸೆಗೆ ತೂತು, ಇಷ್ಟೇ ಲಾಭ. ೨೦೨೫ರ ಜೂನ್ ತಿಂಗಳಲ್ಲಿ, ಪರೀಕ್ಷೆ ಮುಗಿದ ಮೇಲೆ, ಅನಿರೀಕ್ಷಿತವಾಗಿ ಒದಗಿಬಂದ ಅಲಾಸ್ಕಾ ಪ್ರವಾಸದಲ್ಲಿ ಈ ವಿಚಾರ ನನಗೆ ಚೆನ್ನಾಗಿ ಮನದಟ್ಟಾಯಿತು.

ಸರ್ಕಾರಿ ಕಾಲೇಜಿನ ವಿದ್ಯಾರ್ಥಿನಿಗೆ ಅಲಾಸ್ಕಾ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಸೋದರಮಾವ ಸಿಯಾಟಲ್ ನಗರದಲ್ಲಿ ಉದ್ಯೋಗದಲ್ಲಿದ್ದಾರೆ. ತಮ್ಮ ತಾಯಿಯನ್ನು, ಅಂದರೆ ನನ್ನ ಅಜ್ಜಿಯನ್ನು, ಒಮ್ಮೆ ಅಲ್ಲಿಗೆ ಕರೆಸಿಕೊಳ್ಳಬೇಕೆಂಬುದು ಅವರ ಬಹುದಿನದ ಆಸೆ. ಅಜ್ಜಿಗೆ ಎಪ್ಪತ್ತೊಂದು ವರ್ಷ. ಎರಡು ಮಂಡಿಗಳೂ ಸೋತಿವೆ. ಒಬ್ಬರೇ ಹೋಗುವಂತಿರಲಿಲ್ಲ. ಜೊತೆಗೊಬ್ಬರು ಬೇಕಾಯಿತು, ನಾನು ಜೊತೆಯಾದೆ. ಖರ್ಚು ಮಾವನದು, ಅನುಭವ ನನ್ನದು. ಅಜ್ಜಿ ಮಲೆನಾಡಿನ ಒಂದು ಹೋಬಳಿಯ ಶಾಲೆಯಲ್ಲಿ ಮೂವತ್ತೆರಡು ವರ್ಷ ಉಪಾಧ್ಯಾಯಿನಿಯಾಗಿದ್ದವರು. ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಹಿಮನದಿಯ ಚಿತ್ರ ಬರೆದು ಪಾಠ ಹೇಳಿದ್ದರೇ ಹೊರತು, ಹಿಮವೆಂಬುದನ್ನು ಕಣ್ಣಾರೆ ಕಂಡವರಲ್ಲ. ನಾವು ಹೊರಟದ್ದು ಆ ಚಿತ್ರದ ಮೂಲವನ್ನು ನೋಡುವುದಕ್ಕೆ.

ವಿಹಾರದ ಹಡಗೆಂದರೆ ಉಂಡು ಮಲಗುವ ಸಿರಿವಂತರ ಸೋಮಾರಿ ಪ್ರವಾಸ ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅರ್ಧ ಮೈಲಿ ನಡೆಯಲಾರದ ವೃದ್ಧೆಯೊಬ್ಬಳು ಹಿಮನದಿಯ ಮುಂದೆ ಹೋಗಿ ನಿಲ್ಲಬೇಕಾದರೆ ಬೇರೆ ದಾರಿ ಯಾವುದು? ನಮ್ಮ ಕಾಲೇಜಿನಿಂದ ಹೋದವರಲ್ಲಿ ಎಷ್ಟೋ ಮಂದಿ ಇಂದು ಪರದೇಶಗಳಲ್ಲಿದ್ದಾರೆ. ನಾಳೆ ನಿಮ್ಮಲ್ಲಿಯೂ ಕೆಲವರು ಹೋಗುವಿರಿ. ಆಗ ತಂದೆತಾಯಿಗಳನ್ನು ಕರೆಸಿಕೊಂಡು ಏನಾದರೂ ತೋರಿಸಬೇಕೆಂದು ಮನಸ್ಸಾದೀತು. ಅಂಥವರಿಗಾಗಿ ಈ ನಾಲ್ಕು ಮಾತು. ವಯಸ್ಸಾದವರಲ್ಲಿ ಶಕ್ತಿ ಅಳತೆಯಷ್ಟೇ ಇರುತ್ತದೆ. ಅದು ಸಾಲಿನಲ್ಲಿ ನಿಲ್ಲುವುದರಲ್ಲಿ, ಚಳಿಯಲ್ಲಿ ನಡುಗುವುದರಲ್ಲಿ, ಕಾಗದಕ್ಕಾಗಿ ಪರದಾಡುವುದರಲ್ಲಿ ಮುಗಿದುಹೋಗದೆ ನೋಡುವುದಕ್ಕೆಂದು ಉಳಿಯಬೇಕು. ಮುಂದೆ ನಾನು ಹೇಳುವುದೆಲ್ಲ ಈ ಒಂದು ಸೂತ್ರಕ್ಕೆ ಬರೆದ ಟೀಕೆ ಎಂದು ತಿಳಿಯಿರಿ.

ಮೊದಲು ಸ್ವಲ್ಪ ಭೂಗೋಳ. ಅಲಾಸ್ಕಾವನ್ನು ಅಮೆರಿಕವು ೧೮೬೭ರಲ್ಲಿ ರಷ್ಯದಿಂದ ೭೨ ಲಕ್ಷ ಡಾಲರಿಗೆ ಕೊಂಡಿತು. ೧೯೫೯ರಲ್ಲಿ ಅದು ನಲವತ್ತೊಂಬತ್ತನೆಯ ರಾಜ್ಯವಾಯಿತು. ಹಡಗುಗಳು ಹೆಚ್ಚಾಗಿ ಹೋಗುವುದು ಅದರ ಆಗ್ನೇಯದ ಬಾಲದಂಥ ಭಾಗಕ್ಕೆ. ಒಂದು ಕಡೆ ಕೆನಡಾದ ಹಿಮಪರ್ವತಗಳು, ಮತ್ತೊಂದು ಕಡೆ ಸಾವಿರಾರು ದ್ವೀಪಗಳು, ನಡುವೆ ಕಾಲುವೆಯಂತೆ ಶಾಂತವಾದ ಕಡಲು. ಇದಕ್ಕೆ ‘ಒಳದಾರಿ’ ಎಂದೇ ಹೆಸರು. ಬೆಟ್ಟ ನೇರವಾಗಿ ನೀರಿಗಿಳಿಯುವುದರಿಂದ ರಸ್ತೆ ಮಾಡಲು ಎಡೆಯಿಲ್ಲ. ರಾಜಧಾನಿಯಾದ ಜೂನೋ ನಗರಕ್ಕೂ ಹೊರಗಿನಿಂದ ರಸ್ತೆಯಿಲ್ಲವೆಂದರೆ ನೀವು ನಂಬಬೇಕು. ಅಲ್ಲಿಗೆ ವಿಮಾನದಲ್ಲಿ ಹೋಗಬೇಕು, ಇಲ್ಲವೆ ಹಡಗಿನಲ್ಲಿ. ಹೀಗಾಗಿ ಈ ನಾಡಿನಲ್ಲಿ ಹಡಗು ಬರಿಯ ವಿಲಾಸವಲ್ಲ, ನಮ್ಮಲ್ಲಿ ಬಸ್ಸು ಇರುವ ಹಾಗೆ.

ಎರಡನೆಯದು ಕಾಗದಪತ್ರ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಸಿಯಾಟಲ್ಲೂ ಅಮೆರಿಕದ್ದೇ, ಅಲಾಸ್ಕಾವೂ ಅಮೆರಿಕದ್ದೇ. ಆದ್ದರಿಂದ ಅಮೆರಿಕದ ವೀಸಾ ಸಾಕೆಂದು ಯಾರಿಗಾದರೂ ತೋರುತ್ತದೆ. ಸಾಲದು. ೧೮೮೬ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ ಪರದೇಶದ ಬಾವುಟ ಹಾರಿಸುವ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ; ನಡುವೆ ಬೇರೊಂದು ದೇಶದ ಬಂದರನ್ನು ಮುಟ್ಟಲೇಬೇಕು. ದೊಡ್ಡ ವಿಹಾರದ ಹಡಗುಗಳೆಲ್ಲ ಬಹುಮಟ್ಟಿಗೆ ಪರದೇಶದ ಬಾವುಟದವೇ. ಆದ್ದರಿಂದ ಸಿಯಾಟಲ್ಲಿನಿಂದ ಹೊರಡುವ ಹಡಗು ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ಒಂದು ಸಂಜೆಯಾದರೂ ನಿಲ್ಲುತ್ತದೆ. ಆ ಒಂದು ಸಂಜೆಗಾಗಿ ಭಾರತದ ಪಾಸ್‌ಪೋರ್ಟಿನವರಿಗೆ ಕೆನಡಾದ ವೀಸಾ ಬೇಕು. ನೀವು ಹಡಗಿನಿಂದ ಕೆಳಗಿಳಿಯದೆ ಕೋಣೆಯಲ್ಲಿ ಮಲಗಿದ್ದರೂ ಬೇಕು. ಮತ್ತೆ ಅಮೆರಿಕಕ್ಕೆ ಬರಬೇಕಾದ್ದರಿಂದ ಅಮೆರಿಕದ ವೀಸಾ ಹಲವು ಸಲದ ಪ್ರವೇಶಕ್ಕೆ ಸಲ್ಲುವಂಥದಾಗಿರಬೇಕು.

ಇದರಲ್ಲಿ ಒಂದು ಬಲೆಯಿದೆ. ಅಮೆರಿಕದಲ್ಲಿ ಕಾಯಂ ನೆಲೆಸುವ ಗ್ರೀನ್ ಕಾರ್ಡು ಪಡೆದವರಿಗೆ ಕೆನಡಾದ ವೀಸಾ ಬೇಕಿಲ್ಲ. ಮಾವನಿಗೆ ಬೇಕಿರಲಿಲ್ಲ, ನಮ್ಮಿಬ್ಬರಿಗೆ ಬೇಕಿತ್ತು. ಮಗನಿಗೆ ಬೇಡದ ಕಾಗದ ತಾಯಿಗೆ ಬೇಕೆಂಬುದು ಮಗನಿಗೆ ಸುಲಭವಾಗಿ ಹೊಳೆಯುವುದಿಲ್ಲ. ನಮಗೆ ಊರಿನಲ್ಲಿದ್ದಾಗಲೇ, ಬೆರಳಚ್ಚು ಕೊಟ್ಟು, ಅದು ಕೈಸೇರಿತ್ತು. ಸಿಯಾಟಲ್ಲಿನ ಹಡಗುಕಟ್ಟೆಯಲ್ಲಿ ನಮ್ಮ ಕಣ್ಣೆದುರಿಗೇ, ನಮ್ಮ ದೇಶದವರೇ ಆದ ವೃದ್ಧ ದಂಪತಿಗಳನ್ನು ಈ ಒಂದು ಕಾಗದವಿಲ್ಲದ್ದಕ್ಕಾಗಿ ಹಿಂದಕ್ಕೆ ಕಳಿಸಿದರು. ಮಗ, ಸೊಸೆ, ಮಕ್ಕಳು ಹತ್ತುವಂತಿತ್ತು, ಅವರಿಬ್ಬರು ಹತ್ತುವಂತಿರಲಿಲ್ಲ. ಕೊನೆಗೆ ಯಾರೂ ಹತ್ತಲಿಲ್ಲ. ಆ ಅಜ್ಜ ತಮ್ಮ ಮೊಮ್ಮಗನಿಗೆ ಸಮಾಧಾನ ಹೇಳುತ್ತಿದ್ದುದನ್ನು ನೋಡಿ ನಮ್ಮ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ.

ಮೂರನೆಯದು ಕಾಲ ಮತ್ತು ದಾರಿಯ ಆಯ್ಕೆ. ಹಡಗುಗಳು ಓಡಾಡುವುದು ಸುಮಾರಾಗಿ ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ. ಮೇ ತಿಂಗಳಲ್ಲಿ ಚಳಿ ಹೆಚ್ಚು, ಮಳೆ ಕಡಿಮೆ, ಜನವೂ ಕಡಿಮೆ. ಜೂನಿನಲ್ಲಿ ಹಗಲು ದೀರ್ಘ. ಜುಲೈ, ಆಗಸ್ಟಿನಲ್ಲಿ ಸ್ವಲ್ಪ ಬೆಚ್ಚಗೆ. ಸಾಲ್ಮನ್ ಮೀನು ಹೊಳೆಗಳಿಗೆ ಏರಿಬರುವ ಕಾಲ. ಸೆಪ್ಟೆಂಬರಿನಲ್ಲಿ ಮಳೆ ಜೋರು. ಸಿಯಾಟಲ್ಲಿನಿಂದ ಹೊರಡುವ ಹಡಗುಗಳು ಅನೇಕವೇಳೆ ವ್ಯಾಂಕೂವರ್ ದ್ವೀಪದ ಹೊರಗಿನ ಬಯಲು ಕಡಲಿನಲ್ಲಿ ಸಾಗುತ್ತವೆ. ಅಲ್ಲಿ ಅಲೆಯ ಹೊಡೆತ ಉಂಟು. ಕೆನಡಾದ ವ್ಯಾಂಕೂವರ್ ನಗರದಿಂದ ಹೊರಡುವವು ಒಳಗಿನ ಶಾಂತವಾದ ದಾರಿಯನ್ನು ಹಿಡಿಯುತ್ತವೆ. ತಲೆಸುತ್ತು ಬರುವವರಿಗೆ ಇದು ಲೇಸು. ಯಾವ ಹಡಗಾದರೂ ಕೆಳಗಿನ ಅಂತಸ್ತಿನ ನಟ್ಟನಡುವಿನ ಕೋಣೆಯನ್ನು ಕೇಳಿ. ತೊಟ್ಟಿಲಿನ ಮಧ್ಯಭಾಗದ ಹಾಗೆ ಅಲ್ಲಿ ತೂಗಾಟ ಕಡಿಮೆ. ಹಣ ಉಳಿಸಬೇಕೆನ್ನುವವರು ಕಿಟಕಿಯಿಲ್ಲದ ಕೋಣೆಯನ್ನೇ ಹಿಡಿದು ಹಗಲೆಲ್ಲ ಡೆಕ್ಕಿನ ಮೇಲೆ ಕಳೆಯಬಹುದು. ಆದರೆ ಪದೇಪದೇ ಮೇಲೆ ಕೆಳಗೆ ಓಡಾಡಲಾರದ ಹಿರಿಯರಿಗೆ, ಸಾಧ್ಯವಿದ್ದರೆ, ಮೊಗಸಾಲೆಯುಳ್ಳ ಕೋಣೆಯೇ ಇರಲಿ. ಅಜ್ಜಿ ಬೆಳಗಿನ ಕಾಫಿಯನ್ನು ಅಲ್ಲಿ ಕುಳಿತೇ ಕುಡಿಯುತ್ತಿದ್ದರು. ದೂರದಲ್ಲಿ ನೀರಿನ ಮೇಲೆ ಬಿಳಿ ಹೊಗೆಯಂಥದು ಚಿಮ್ಮಿದರೆ ಅದು ತಿಮಿಂಗಿಲದ ಉಸಿರು. ಚಳಿಗಾಲದಲ್ಲಿ ಹವಾಯಿಯ ಕಡೆ ಇದ್ದು ಬೇಸಿಗೆಯಲ್ಲಿ ಮೇಯಲು ಇಲ್ಲಿಗೆ ಬರುವ ಗೂನುಬೆನ್ನಿನ ತಿಮಿಂಗಿಲಗಳನ್ನು ಅವರು ಕುಳಿತಲ್ಲಿಂದಲೇ ಏಳು ಎಣಿಸಿದರು. ಓಡಾಡಿದ ನಾನು ಎಣಿಸಿದ್ದು ನಾಲ್ಕು. ಒಂದು ದುರ್ಬೀನು ಮಾತ್ರ ಮರೆಯಬೇಡಿ.

ನಾಲ್ಕನೆಯದು ಉಡುಪು. ಕೆಚಿಕನ್ ಎಂಬ ಊರಿನಲ್ಲಿ ವರ್ಷಕ್ಕೆ ಸುಮಾರು ೧೫೦ ಅಂಗುಲ ಮಳೆ. ನಮ್ಮ ಆಗುಂಬೆಯಲ್ಲಿ ಅದರ ಇಮ್ಮಡಿಯಷ್ಟು ಸುರಿಯುತ್ತದೆ ಎಂದು ಮಲೆನಾಡಿನವರು ಮೀಸೆ ತಿರುವಬಹುದು. ಆದರೆ ನಮ್ಮ ಮಳೆ ಮಳೆಗಾಲದಲ್ಲಿ ಬಂದು ಹೋಗುತ್ತದೆ. ಅಲ್ಲಿಯದು ವರ್ಷವೆಲ್ಲ ಜಿನುಗುತ್ತದೆ, ಜೊತೆಗೆ ಚಳಿ. ಬೇಸಿಗೆಯ ಹಗಲಿನಲ್ಲೂ ಹತ್ತರಿಂದ ಹದಿನೆಂಟು ಡಿಗ್ರಿ ಸೆಂಟಿಗ್ರೇಡ್. ಹಿಮದ ಹತ್ತಿರ ಇನ್ನೂ ಕಡಿಮೆ. ಒಂದು ದಪ್ಪ ಕೋಟಿಗಿಂತ ತೆಳುವಾದ ಮೂರು ಉಡುಪು ಮೇಲು: ಮೈಗಂಟಿದ್ದೊಂದು, ಉಣ್ಣೆಯದೊಂದು, ಮಳೆ ತಡೆಯುವುದೊಂದು. ಬಿಸಿಲು ಬಂದರೆ ಒಂದನ್ನು ಕಳಚಬಹುದು. ಸೀರೆ ಬಿಡಲೊಲ್ಲದ ಅಜ್ಜಿ ಒಳಗೆ ಉಣ್ಣೆಯ ಪಾಯಿಜಾಮ, ಕಾಲಿಗೆ ಬೂಟು, ತಲೆಗೆ ಕುಲಾವಿ ಧರಿಸಿ ನಿಂತಾಗ, ಗೊರಬು ಹೊದ್ದು ಸಸಿ ನೆಡಲು ಹೊರಟ ಗದ್ದೆಯ ಹೆಂಗಸರ ಗಾಂಭೀರ್ಯವಿತ್ತು. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಒಯ್ಯಬೇಡಿ. ಔಷಧಿಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆ ಕೋಣೆಗೆ ಬರುವಾಗ ಸಂಜೆಯಾದೀತು. ಹಡಗಿನಲ್ಲಿ ವೈದ್ಯರಿದ್ದಾರೆ, ಆದರೆ ಅವರ ಶುಲ್ಕ ಕೇಳಿದರೆ ಇನ್ನೊಂದು ರೋಗ ಬರುತ್ತದೆ. ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ಖರ್ಚನ್ನೂ ಕೊಡುವ ವಿಮೆಯಿಲ್ಲದೆ ವೃದ್ಧರನ್ನು ಕರೆದೊಯ್ಯಬೇಡಿ.

ಖರ್ಚಿನ ವಿಷಯದಲ್ಲಿ ಒಂದು ಮಾತು. ಹಡಗಿನ ಟಿಕೆಟ್ಟೆಂದರೆ ನಮ್ಮ ಮದುವೆಯ ಛತ್ರದ ಬಾಡಿಗೆಯಿದ್ದಂತೆ. ಬಾಡಿಗೆ ಒಂದು, ಆಮೇಲೆ ದೀಪದ್ದು, ಪಾತ್ರೆಯದು, ಕಸ ಗುಡಿಸಿದ್ದು ಬೇರೆ ಬೇರೆ. ಇಲ್ಲಿ ಬಂದರಿನ ತೆರಿಗೆ, ತಲೆಗೆ ದಿನಕ್ಕಿಷ್ಟೆಂದು ನೌಕರರ ಇನಾಮು, ದಡದ ಮೇಲಿನ ಪ್ರವಾಸಗಳು, ಇಂಟರ್‌ನೆಟ್ಟು. ಇವನ್ನೆಲ್ಲ ಕೂಡಿಸಿದ ಮೇಲೆ ಯಾವ ಹಡಗು ಅಗ್ಗವೆಂದು ತೀರ್ಮಾನಿಸಿ. ಕಡಲಿನಲ್ಲಿ ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಇಡಿ. ಹಡಗಿನ ಜಾಲಕ್ಕೆ ಅದು ತಾನಾಗಿ ಅಂಟಿಕೊಂಡರೆ ಬಿಲ್ಲು ಊರಿಗೆ ಬಂದಮೇಲೆ ಮಾತಾಡಿಸುತ್ತದೆ.

ಶಾಕಾಹಾರಿಗಳು ಹೆದರಬೇಕಾಗಿಲ್ಲ, ಟಿಕೆಟ್ಟು ಕೊಳ್ಳುವಾಗಲೇ ಬರೆದು ತಿಳಿಸಿ, ಮೊದಲ ರಾತ್ರಿ ಮತ್ತೆ ಬಾಯಿಬಿಟ್ಟು ಹೇಳಿ. ನಮಗೆ ಬಡಿಸುತ್ತಿದ್ದವನು ಕುಂದಾಪುರದ ಕಡೆಯ ಹುಡುಗ. ಅಜ್ಜಿ ನನ್ನೊಡನೆ ಆಡಿದ ಮಾತು ಕಿವಿಗೆ ಬಿದ್ದದ್ದೇ ತಡ, “ಅಮ್ಮ, ನೀವು ಯಾವ ಊರಾಯ್ತು?” ಎಂದ. ಮಾರನೆಯ ದಿನದಿಂದ ಅನ್ನ, ಸಾರು ಬರಹತ್ತಿತು. ಎಂಟು ತಿಂಗಳಿಂದ ಮನೆ ಕಾಣದವನೆಂದು ತಿಳಿದು ಅಜ್ಜಿ ತಾವು ತಂದಿದ್ದ ಚಟ್ನಿಪುಡಿಯ ಪೊಟ್ಟಣವನ್ನು ಅವನಿಗೇ ಕೊಟ್ಟುಬಿಟ್ಟರು. ನೀರು ಕಾಯಿಸುವ ಕೆಟಲ್, ಊದುಬತ್ತಿ, ಮೇಣದ ಬತ್ತಿ ಮುಂತಾದವನ್ನು ಹಡಗಿಗೆ ಬಿಡುವುದಿಲ್ಲ, ಬೆಂಕಿಯ ಭಯ. ಮುಸ್ಸಂಜೆ ದೀಪ ಹಚ್ಚುವ ಅಭ್ಯಾಸವುಳ್ಳ ಅಜ್ಜಿಗೆ ಇದು ಕಷ್ಟವಾದೀತೆಂದು ಅಂಜಿದ್ದೆ. ಆದರೆ ಜೂನಿನಲ್ಲಿ ಅಲ್ಲಿ ಹದಿನೆಂಟು ಗಂಟೆಗಳ ಹಗಲು. ಸೂರ್ಯ ಮುಳುಗುವುದೇ ರಾತ್ರಿ ಹತ್ತಕ್ಕೆ. “ಅವನೇ ಇಷ್ಟು ಹೊತ್ತು ಉರಿಯುವಾಗ ನಂದೇನು ಹಣತೆ” ಎಂದು ಅವರು ಕೈಮುಗಿದು ಮಲಗಿಬಿಟ್ಟರು.

ಇನ್ನು ಬಂದರುಗಳು. ಅಲಾಸ್ಕಾದ ಗಡಿಯಾರ ಸಿಯಾಟಲ್ಲಿಗಿಂತ ಒಂದು ಗಂಟೆ ಹಿಂದೆ. ನೀವು ಹಡಗಿನ ಗಡಿಯಾರವನ್ನೇ ನಂಬಿ. ತಾವಾಗಿ ಹೋಗಿ ತಡಮಾಡಿದವರಿಗಾಗಿ ಹಡಗು ಕಾಯುವುದಿಲ್ಲ. ಈ ಕಡೆ ಭರತ ಇಳಿತಗಳ ವ್ಯತ್ಯಾಸ ಕೆಲವು ದಿನ ಇಪ್ಪತ್ತಡಿಗೂ ಮೀರುತ್ತದೆ. ಬೆಳಿಗ್ಗೆ ಸಮವಾಗಿದ್ದ ಹಡಗಿನ ಏಣಿದಾರಿ ಮಧ್ಯಾಹ್ನ ಕಡಿದಾಗಿರಬಹುದು. ಮಂಡಿನೋವಿನವರು ಯಾವ ಹೊತ್ತಿಗೆ ಇಳಿಯುವುದು ಸುಲಭವೆಂದು ಬಾಗಿಲಲ್ಲಿ ನಿಂತ ನೌಕರರನ್ನು ವಿಚಾರಿಸಲಿ. ಗಾಲಿಕುರ್ಚಿ ಬೇಕಾದರೆ ಮುಂಚೆಯೇ ತಿಳಿಸಿ.

ಕೆಚಿಕನ್ನಿನಲ್ಲಿ ಟ್ಲಿಂಗಿಟ್, ಹೈಡಾ ಮುಂತಾದ ಮೂಲನಿವಾಸಿಗಳ ಎತ್ತರವಾದ ಕೆತ್ತನೆಯ ಕಂಬಗಳನ್ನು ನೋಡಬೇಕು. ಇವು ಪೂಜೆಯ ವಿಗ್ರಹಗಳಲ್ಲ. ಒಂದು ಕುಲದ ಕಥೆ, ಒಬ್ಬ ಹಿರಿಯನ ನೆನಪು, ಕೆಲವೊಮ್ಮೆ ತೀರಿಸದ ಸಾಲದ ಅಪಮಾನ, ಇವನ್ನು ಮರದಲ್ಲಿ ಬರೆದಿಟ್ಟದ್ದು. ನಮ್ಮ ವೀರಗಲ್ಲು, ಶಾಸನಗಳನ್ನು ಓದಲು ಕಲಿತ ಇತಿಹಾಸದ ವಿದ್ಯಾರ್ಥಿಗಳು ಇವುಗಳ ಮುಂದೆ ಸುಮ್ಮನೆ ಚಿತ್ರ ತೆಗೆಸಿಕೊಂಡು ಹೋಗಬಾರದು. ಬಂದರಿನ ಬೀದಿಯ ಒಡವೆ ಅಂಗಡಿಗಳಲ್ಲಿ ಎಷ್ಟೋ ಹಡಗುಗಳ ಬೆನ್ನುಹಿಡಿದು ಬಂದು ಹೋಗುವಂಥವು. ಸ್ಥಳೀಯರ ಕೈಕೆಲಸ ಬೇಕಾದವರು ‘ಬೆಳ್ಳಿಯ ಕೈ’ ಎಂಬ ರಾಜ್ಯದ ಮುದ್ರೆಯನ್ನು ನೋಡಿ ಕೊಳ್ಳಲಿ.

ಸ್ಕ್ಯಾಗ್ವೇ ಎಂಬ ಪುಟ್ಟ ಊರು ೧೮೯೭-೯೮ರ ಚಿನ್ನದ ಹುಚ್ಚಿನ ಕಾಲದಲ್ಲಿ ಪ್ರಸಿದ್ಧಿಗೆ ಬಂತು. ಕ್ಲಾಂಡೈಕಿಗೆ ಚಿನ್ನ ಹುಡುಕಲು ಹೊರಟವರು ಒಂದು ವರ್ಷದ ಸಾಮಗ್ರಿ, ಅಂದರೆ ಹತ್ತಿರ ಹತ್ತಿರ ಒಂದು ಟನ್ನು, ಜೊತೆಗೊಯ್ಯದಿದ್ದರೆ ಕೆನಡಾದ ಪೊಲೀಸರು ಗಡಿಯೊಳಗೆ ಬಿಡುತ್ತಿರಲಿಲ್ಲ. ಹೊತ್ತು, ಇಳಿಸಿ, ಮತ್ತೆ ಬಂದು ಹೊತ್ತು, ಅವರು ಕಣಿವೆಯನ್ನೇರಿದರು. ನಮ್ಮವರ ಪೆಟ್ಟಿಗೆಗಳನ್ನು ನೋಡಿದರೆ ಆ ಕಾನೂನು ಇನ್ನೂ ಜಾರಿಯಲ್ಲಿದೆಯೆಂದೇ ತೋರುತ್ತದೆ! ೧೮೯೮ರಲ್ಲಿ ಪ್ರಾರಂಭವಾಗಿ ೧೯೦೦ರಲ್ಲಿ ಮುಗಿದ ಅಲ್ಲಿಯ ಮೂರಡಿ ಅಗಲದ ಕಿರುರೈಲು ಇಪ್ಪತ್ತು ಮೈಲಿಗಳಲ್ಲಿ ಮೂರು ಸಾವಿರ ಅಡಿಯ ಸಮೀಪಕ್ಕೆ ಏರುತ್ತದೆ. ನಡೆಯಲಾರದವರಿಗೆ ಇದಕ್ಕಿಂತ ಒಳ್ಳೆಯ ಪ್ರವಾಸವಿಲ್ಲ. ಅಜ್ಜಿ ಕಿಟಕಿಯ ಪಕ್ಕದಲ್ಲಿ ಕುಳಿತು, “ನಮ್ಮ ಸಕಲೇಶಪುರದ ಘಾಟಿಯ ಹಾಗೇ ಇದೆ ಕಣೇ, ಹಸುರಿನ ಮೇಲೆ ಯಾರೋ ಸುಣ್ಣ ಬಳಿದಿದ್ದಾರೆ, ಅಷ್ಟೇ” ಎಂದರು.

ಜೂನೋದಲ್ಲಿ ಮೆಂಡೆನ್‌ಹಾಲ್ ಹಿಮನದಿಯವರೆಗೆ ಬಸ್ಸಿದೆ. ೧೯೬೨ರಲ್ಲಿ ಅಲ್ಲಿ ಪ್ರೇಕ್ಷಕರ ಮಂದಿರ ತೆರೆದಾಗ ಸಮೀಪದಲ್ಲಿದ್ದ ಹಿಮದ ಅಂಚು ಈಗ ಸರೋವರದ ಆಚೆಯ ತುದಿಗೆ ಸರಿದುಬಿಟ್ಟಿದೆ. ಮೇಲಿನ ಕಣಿವೆಯೊಂದರಲ್ಲಿ ಹಿಮದ ಹಿಂದೆ ಕಟ್ಟಿಕೊಂಡ ನೀರು ೨೦೧೧ರಿಂದ ಆಗಾಗ ಒಡೆದು ಬರುತ್ತಿದ್ದು, ೨೦೨೩, ೨೦೨೪, ೨೦೨೫ರ ಮೂರು ಆಗಸ್ಟ್‌ಗಳಲ್ಲೂ ಊರಿನ ಮನೆಗಳಿಗೆ ಪ್ರವಾಹದ ಕಾಟ ಕೊಟ್ಟಿತು. ನಾವು ಬಂದ ಎರಡು ತಿಂಗಳಿಗೆ, ೨೦೨೫ರ ಆಗಸ್ಟ್ ೧೦ರಂದು, ಟ್ರೇಸಿ ಆರ್ಮ್ ಎಂಬ ಇಕ್ಕಟ್ಟಾದ ಕೊಲ್ಲಿಯಲ್ಲಿ ಗುಡ್ಡ ಜರಿದು ಭಾರಿ ಅಲೆಯೆದ್ದಿತು. ಆದ್ದರಿಂದ ಕ್ಯಾಪ್ಟನ್ ದಾರಿ ಬದಲಿಸಿದರೆ ಗೊಣಗಬೇಡಿ.

ಕೊನೆಗೆ ಗ್ಲೇಸಿಯರ್ ಬೇ. ಈ ರಾಷ್ಟ್ರೀಯ ಉದ್ಯಾನದೊಳಕ್ಕೆ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ. ಹಡಗನ್ನು ಆರಿಸುವಾಗ ಈ ಹೆಸರು ಪಟ್ಟಿಯಲ್ಲಿದೆಯೆ ಎಂದು ನೋಡಿ. ಸುಮಾರು ೧೭೫೦ರಲ್ಲಿ ಇಲ್ಲಿ ಕೊಲ್ಲಿಯೇ ಇರಲಿಲ್ಲ, ಬಾಯಿತುಂಬ ಹಿಮವಿತ್ತು. ೧೭೯೪ರಲ್ಲಿ ನಾವಿಕ ಜಾರ್ಜ್ ವ್ಯಾಂಕೂವರನ ಕಡೆಯವರು ಬಂದಾಗ ಕೆಲವೇ ಮೈಲಿ ತೆರೆದಿತ್ತು. ೧೮೭೯ರಲ್ಲಿ ಜಾನ್ ಮ್ಯೂರ್ ಬಂದಾಗ ಹಿಮವು ನಲವತ್ತು ಮೈಲಿಗೂ ಹೆಚ್ಚು ಹಿಂದಕ್ಕೆ ಹೋಗಿತ್ತು. ಈಗ ಹಡಗು ಸುಮಾರು ೬೫ ಮೈಲಿ ಒಳಕ್ಕೆ ಹೋಗುತ್ತದೆ. ಹಿಂದೆ ಹಿಮ ಮುನ್ನುಗ್ಗಿ ಬಂದಾಗ ಅಲ್ಲಿಯ ಟ್ಲಿಂಗಿಟ್ ಜನ ಊರು ಬಿಟ್ಟು ಹೋಗಬೇಕಾಯಿತು. ೨೦೧೬ರಲ್ಲಿ ಅವರ ಕುಲದ ಮನೆಯೊಂದು ಆ ನೆಲದಲ್ಲಿ ಮತ್ತೆ ಎದ್ದಿತು. ಉದ್ಯಾನದ ಅಧಿಕಾರಿಣಿ ಹಡಗನ್ನೇರಿ ಇದನ್ನೆಲ್ಲ ವಿವರಿಸುತ್ತಿದ್ದರು. ನಾನು ಕನ್ನಡದಲ್ಲಿ ಹೇಳಿದಾಗ ಅಜ್ಜಿ, “ನಮ್ಮದು ನೀರು, ಇವರದು ಹಿಮ” ಎಂದರು. ಅವರಿಗೆ ಹತ್ತು ವರ್ಷವಾಗಿದ್ದಾಗ, ೧೯೬೪ರಲ್ಲಿ, ಅವರ ತೌರುಮನೆ ಶರಾವತಿಯ ಲಿಂಗನಮಕ್ಕಿ ಕಟ್ಟೆಯ ನೀರಿನಲ್ಲಿ ಮುಳುಗಿತ್ತು.

ಅಲ್ಲಿಗೆ ಒಂದು ಗಂಟೆ ಮೊದಲೇ ಡೆಕ್ಕಿನಲ್ಲಿ ಕುರ್ಚಿ ಹಿಡಿದಿರಿ. ಯಾವ ಬದಿಯಾದರೂ ಸರಿ, ಹಡಗು ತಿರುಗಿ ನಿಲ್ಲುತ್ತದೆ. ಮಾರ್ಜರಿ ಹಿಮನದಿಯ ಮುಖ ಒಂದು ಮೈಲಿ ಅಗಲ, ನೀರಿನ ಮೇಲೆ ಸುಮಾರು ೨೫೦ ಅಡಿ ಎತ್ತರ, ಬಣ್ಣ ನೀಲಿ. ಗಟ್ಟಿಯಾದ ಹಿಮ ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಬಿಡುತ್ತದೆ. ಇದ್ದಕ್ಕಿದ್ದಂತೆ ಒಂದು ಗೋಡೆ ಕಳಚಿ ನೀರಿಗೆ ಬಿತ್ತು. ಕಣ್ಣು ಕಂಡ ಸ್ವಲ್ಪ ಹೊತ್ತಿಗೆ ಕಿವಿಗೆ ಗುಡುಗು ಬಂತು. ಅಜ್ಜಿ ಕಂಬಿ ಹಿಡಿದು ಎದ್ದು ನಿಂತರು. ಮಂಡಿಯ ನೆನಪಿರಲಿಲ್ಲ. “ನಿಂತ ಹಾಗೆ ಕಂಡರೂ ಹರಿಯುತ್ತದೆ ಮಕ್ಕಳೇ ಅಂತ ಮೂವತ್ತೆರಡು ವರ್ಷ ಹೇಳಿದ್ದೆ. ಒಳಗೊಳಗೆ ನಾನೇ ನಂಬಿರಲಿಲ್ಲ ಕಣೇ” ಎಂದರು. ಮತ್ತೆ ಎರಡು ಗಂಟೆ ಅವರನ್ನು ಒಳಗೆ ಕರೆದೊಯ್ಯುವುದು ನನ್ನಿಂದಾಗಲಿಲ್ಲ.

ಮನಸ್ಸಿಗೆ ಚುಚ್ಚುವ ಸಂಗತಿಯನ್ನೂ ಹೇಳಿಬಿಡಬೇಕು. ಎಲ್ಲ ಹಿಮನದಿಗಳೂ ಕುಗ್ಗುತ್ತಿಲ್ಲ. ಹಬ್ಬರ್ಡ್ ಎಂಬುದು ನೂರು ವರ್ಷಗಳಿಗೂ ಮಿಕ್ಕಿ ಮುಂದೊತ್ತುತ್ತ ಬಂದಿದೆ. ಆದರೆ ಬಹುಪಾಲು ಕರಗುತ್ತಿವೆ. ಕರಗಿಸುವ ಹೊಗೆಯಲ್ಲಿ ನಮ್ಮನ್ನು ಹೊತ್ತ ವಿಮಾನದ್ದೂ ಹಡಗಿನದೂ ಪಾಲಿದೆ. ಮೂವತ್ತೆರಡು ಸಾವಿರದಷ್ಟು ಜನರಿರುವ ಜೂನೋಕ್ಕೆ ೨೦೨೩ರಲ್ಲಿ ಹದಿನಾರು ಲಕ್ಷಕ್ಕೂ ಹೆಚ್ಚು ಮಂದಿ ಹಡಗಿನಲ್ಲಿ ಬಂದಿಳಿದರು; ೨೦೨೪ರಿಂದ ಆ ಊರು ದಿನಕ್ಕೆ ಐದೇ ದೊಡ್ಡ ಹಡಗು ಎಂಬ ಮಿತಿಯನ್ನು ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡು ಹಾಕಿತು. ಇದಕ್ಕೆ ಪೂರ್ಣವಾದ ಸಮಾಧಾನ ನನ್ನಲ್ಲಿಲ್ಲ. ನನಗೆ ತೋಚುವುದಿಷ್ಟೆ: ಇದು ವರ್ಷವರ್ಷ ಹೋಗುವ ಜಾತ್ರೆಯಲ್ಲ. ಒಮ್ಮೆ ಹೋಗಿ, ಓದಿಕೊಂಡು ಹೋಗಿ, ನಡೆಯಲಾರದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಹೊರಡುವ ಮುನ್ನ ಅವರ ಪಾಸ್‌ಪೋರ್ಟಿನಲ್ಲಿ ಎರಡು ವೀಸಾಗಳಿವೆಯೆ ಎಂದು ನೀವೇ ತೆರೆದು ನೋಡಿ.